ಭಾನುವಾರ ಹತ್ತು ಗಂಟೆಗೆ ನಮ್ಮ ಗೋಡೆ ಮೇಲೆ ಕಾರ್ಟೂನ್

ಕೊಡಗಿನ ಸುಂಟಿಕೊಪ್ಪದ ಆಸುಪಾಸಿನಲ್ಲಿ ನಾನು 21 ವರ್ಷ ಕೇಬಲ್ ಕೆಲಸ ಮಾಡಿದೆ. 1996ರಲ್ಲಿ ಸೇರಿದಾಗ ನನಗೆ 19 ವರ್ಷ. ಒಂದು ಸಿಲ್ವರ್ ಓಕ್ ಮರದಿಂದ ಇನ್ನೊಂದಕ್ಕೆ ವಯರ್ ಎಳೆಯುವುದು, ಮಳೆಗೆ ಕೊಂಬೆ ಬಿದ್ದು ತುಂಡಾದರೆ ಹುಡುಕಿ ಸೇರಿಸುವುದು, ಸಿಡಿಲಿಗೆ ಸುಟ್ಟ ಆಂಪ್ಲಿಫೈಯರ್ ಬದಲಿಸುವುದು, ತಿಂಗಳಾದರೆ ರಸೀದಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವುದು. ಎಲ್ಲರಿಗೂ ನಾನು ಕೇಬಲ್ ಅಣ್ಣ. ಕೇಬಲ್ ಬಿಟ್ಟು ಎಷ್ಟೋ ವರ್ಷವಾದರೂ ಆ ಹೆಸರು ಹೋಗಿಲ್ಲ.

ಈಗ ಮನೆ ಮುಂದೆಯೇ ಮಿಕ್ಸಿ, ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಭಾನುವಾರ ಬೆಳಿಗ್ಗೆ ಅಂಗಡಿ ಬಾಗಿಲು ಹಾಕಿ, ಮನೆಯ ಹಾಲ್‌ನ ಗೋಡೆ ಮೇಲೆ ಪ್ರೊಜೆಕ್ಟರ್‌ನಲ್ಲಿ ಹಳೆ ಕಾರ್ಟೂನ್ ಹಾಕುತ್ತೇನೆ. ಅಕ್ಕಪಕ್ಕದ ಮಕ್ಕಳು, ಕೆಳಗಿನ ತೋಟದ ಕೆಲಸಗಾರರ ಲೈನ್ ಮನೆ ಮಕ್ಕಳು ಬಂದು ಚಾಪೆ ಮೇಲೆ ಕೂರುತ್ತಾರೆ. ಇದನ್ನು ಹೇಗೆ ಶುರು ಮಾಡಿದೆ, ಏನೇನು ಬೇಕಾಯಿತು ಎಂದು ಕೆಲವರು ಕೇಳಿದರು. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾರ್ಟೂನ್ ನಮ್ಮ ಊರಿಗೆ ಹೇಗೆ ಬಂತು ಅನ್ನುವುದನ್ನು ಹೇಳಬೇಕು. ನಾನು ಚಿಕ್ಕವನಿದ್ದಾಗ ಇದ್ದದ್ದು ದೂರದರ್ಶನ ಒಂದೇ. ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಜಂಗಲ್ ಬುಕ್ ಬರುತ್ತಿತ್ತು. ಅದನ್ನು ಮಾಡಿದ್ದು ಜಪಾನಿನವರು ಎಂದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಮೇಲೆ ಡಕ್ ಟೇಲ್ಸ್ ಬಂತು. ಟಿವಿ ಇದ್ದ ಮನೆ ಜಗಲಿಯಲ್ಲಿ ಇಪ್ಪತ್ತು ಜನ ಕೂತು ನೋಡುತ್ತಿದ್ದೆವು. ಗಾಳಿಗೆ ಆಂಟೆನಾ ತಿರುಗಿದರೆ ಒಬ್ಬ ಹಂಚಿನ ಮೇಲೆ ಹತ್ತುತ್ತಿದ್ದ, ಒಬ್ಬ ಕಿಟಕಿಯಲ್ಲಿ ನಿಂತು "ಬಂತು, ಬಂತು, ಹೋಯ್ತು" ಎಂದು ಕೂಗುತ್ತಿದ್ದ.

ಕಾರ್ಟೂನ್ ನೆಟ್‌ವರ್ಕ್ ಭಾರತಕ್ಕೆ ಬಂದದ್ದು 1995ರ ಮೇ 1ರಂದು. ನಮ್ಮ ಕಂಟ್ರೋಲ್ ರೂಮಿಗೆ ಬಂದದ್ದು ನಾನು ಸೇರಿದ ಮೇಲೆ. ಕಂಟ್ರೋಲ್ ರೂಮ್ ಅಂದರೆ ಒಂದು ಸಣ್ಣ ಕೋಣೆ, ಮೇಲೆ ದೊಡ್ಡ ಡಿಶ್‌ಗಳು. ಆಗ ಒಂದೊಂದು ಚಾನೆಲ್‌ಗೂ ಒಂದೊಂದು ರಿಸೀವರ್, ಅದನ್ನು ಟಿವಿಯ ಒಂದು ನಂಬರಿಗೆ ಕೂರಿಸುವ ಒಂದೊಂದು ಮಾಡ್ಯುಲೇಟರ್ ಬೇಕಿತ್ತು. ಜನರ ಮನೆಯ ಹಳೆ ಟಿವಿಗಳಲ್ಲಿ ಸಿಗುತ್ತಿದ್ದದ್ದೇ ಹತ್ತು ಹನ್ನೆರಡು ಚಾನೆಲ್. ಅದಕ್ಕಿಂತ ಮೇಲಿನ ನಂಬರಿಗೆ ಹಾಕಿದರೆ ಹೊಸ ಟಿವಿ ಇದ್ದವರಿಗೆ ಮಾತ್ರ ಕಾಣುತ್ತಿತ್ತು. ಹಾಗಾಗಿ ಯಾವ ಚಾನೆಲನ್ನು ಎಲ್ಲಿ ಕೂರಿಸಬೇಕು ಅನ್ನುವುದೇ ದೊಡ್ಡ ಲೆಕ್ಕ. ಒಮ್ಮೆ ನಮ್ಮ ಓನರ್ ಕಾರ್ಟೂನ್ ತೆಗೆದು ಆ ಜಾಗಕ್ಕೆ ಒಂದು ಸುದ್ದಿ ಚಾನೆಲ್ ಹಾಕಿಸಿದರು. ಸಂಜೆ ಶಾಲೆ ಬಿಟ್ಟ ಮೇಲೆ ಒಂದೇ ಸಮ ಫೋನ್. ಫೋನ್ ಮಾಡಿದ್ದು ಅಪ್ಪಂದಿರಲ್ಲ, ಮಕ್ಕಳೇ. ಮರುದಿನ ಕಾರ್ಟೂನ್ ಅದರ ಜಾಗಕ್ಕೆ ವಾಪಸ್ ಬಂತು.

ಇನ್ನೊಂದು ನೆನಪು. ಆಗ ಆ ಚಾನೆಲ್‌ನಲ್ಲಿ ಹಗಲು ಕಾರ್ಟೂನ್, ರಾತ್ರಿ ಟಿಎನ್‌ಟಿ ಎಂಬ ಇನ್ನೊಂದು ಚಾನೆಲ್‌ನ ಹಳೆ ಇಂಗ್ಲಿಷ್ ಸಿನಿಮಾ. ಸಮಯ ಆದ ತಕ್ಷಣ ಟಾಮ್ ಹೋಗಿ ಯಾರೋ ಟೋಪಿ ಹಾಕಿಕೊಂಡವರು ಮಾತಾಡಲು ಶುರು ಮಾಡುತ್ತಿದ್ದರು. "ಕೇಬಲ್ ಅಣ್ಣಾ, ನೀವು ಯಾಕೆ ಬದಲಾಯಿಸಿದ್ರಿ?" ಎಂದು ಒಂದು ಪುಟ್ಟ ಹುಡುಗಿ ದಿನಾ ಕೇಳುತ್ತಿದ್ದಳು. ಅದು ಸ್ಯಾಟಲೈಟ್‌ನಿಂದಲೇ ಹಾಗೆ ಬರುತ್ತೆ ಎಂದು ಎಷ್ಟು ಹೇಳಿದರೂ ಅವಳು ನಂಬಲಿಲ್ಲ.

ಆ ಚಾನೆಲ್‌ನಲ್ಲಿ ಬರುತ್ತಿದ್ದವು ನಿಜವಾಗಿ ಹಳೆಯವು. ಟಾಮ್ ಅಂಡ್ ಜೆರ್ರಿಯ ಮೊದಲ ಚಿತ್ರ ಬಂದದ್ದು 1940ರಲ್ಲಿ, ವಿಲಿಯಂ ಹನ್ನಾ ಮತ್ತು ಜೋಸೆಫ್ ಬಾರ್ಬೆರಾ ಮಾಡಿದ್ದು. ಅದರಲ್ಲಿ ಬೆಕ್ಕಿನ ಹೆಸರು ಟಾಮ್ ಅಲ್ಲ, ಜ್ಯಾಸ್ಪರ್. 1958ರವರೆಗೆ ಅವರಿಬ್ಬರೂ 114 ಚಿತ್ರ ಮಾಡಿದರು, 7 ಆಸ್ಕರ್ ಬಂತು. ಅವನ್ನು ಟಿವಿಗೆ ಎಂದು ಮಾಡಿದ್ದೇ ಅಲ್ಲ. ಥಿಯೇಟರ್‌ನಲ್ಲಿ ದೊಡ್ಡ ಸಿನಿಮಾಕ್ಕೆ ಮೊದಲು ಹಾಕಲು ಮಾಡಿದ್ದು. ಹಾಗಾಗಿ ಒಂದೊಂದು ಚಿತ್ರಕ್ಕೂ ಸಮಯ ಕೊಟ್ಟು, ಪೂರ್ತಿ ವಾದ್ಯವೃಂದ ಕೂರಿಸಿ ಸಂಗೀತ ಮಾಡಿಸುತ್ತಿದ್ದರು. ಅದಕ್ಕೇ ಅಷ್ಟು ವರ್ಷದ ಮೇಲೂ ಅದು ನಮ್ಮ ಲೈನ್ ಮನೆಯ ಹದಿನಾಲ್ಕು ಇಂಚಿನ ಟಿವಿಯಲ್ಲಿ ಮಿಂಚುತ್ತಿತ್ತು.

ಇವು ಯಾವಾಗ ಹೋದವು? ಒಂದು ದಿನ ಹೇಳಿ ಹೋದದ್ದಲ್ಲ. ನಾನು ಕಂಟ್ರೋಲ್ ರೂಮಿನಲ್ಲಿ ಕೂತವನು, ನನಗೇ ಗೊತ್ತಾಗಲಿಲ್ಲ. ಮೊದಲು ಸಂಜೆಯಿಂದ ಮಧ್ಯಾಹ್ನಕ್ಕೆ ಹೋದವು. ಆಮೇಲೆ ಬೆಳಗಿನ ಜಾವಕ್ಕೆ. ಆಮೇಲೆ ಕಾಣಲೇ ಇಲ್ಲ. 1999ರಲ್ಲಿ ಆ ಚಾನೆಲ್‌ನ ಕಾರ್ಟೂನ್‌ಗಳಿಗೆ ಹಿಂದಿ ಮಾತು ಬಂತು. 2004ರಲ್ಲಿ ಪೋಗೋ ಚಾನೆಲ್ ಬಂತು, ಹಂಗಾಮ ಬಂತು, ಡಿಸ್ನಿ ಬಂತು. 2008ರಲ್ಲಿ ಛೋಟಾ ಭೀಮ್ ಬಂದ ಮೇಲೆ ಎಲ್ಲ ಚಾನೆಲ್‌ಗಳೂ ಇಲ್ಲೇ ಮಾಡಿದ ಕಾರ್ಟೂನ್ ಹುಡುಕತೊಡಗಿದವು. ನಮ್ಮ ದೇಶದ ಹುಡುಗ, ಲಡ್ಡು ತಿನ್ನುವ ಹುಡುಗ. ಮಕ್ಕಳು ಅವನನ್ನು ಇಷ್ಟಪಟ್ಟದ್ದು ಸರಿಯೇ. ಹೈದರಾಬಾದಿನಲ್ಲಿ ಕೂತು ನಮ್ಮವರೇ ಅಂಥದ್ದನ್ನು ಮಾಡಿದ್ದು ದೊಡ್ಡ ಕೆಲಸ, ನಾನು ಅದನ್ನು ಯಾವತ್ತೂ ಹಗುರವಾಗಿ ಮಾತಾಡುವುದಿಲ್ಲ. ಆದರೆ ದಿನಕ್ಕೆ ಇರುವುದು 24 ಗಂಟೆ. ಹೊಸದಕ್ಕೆ ಜಾಗ ಬೇಕೆಂದರೆ ಹಳೆಯದು ಏಳಬೇಕು.

ಕನ್ನಡದ ಕತೆ ಇನ್ನೂ ಬೇರೆ. ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂಬ ವಾದ ನಮ್ಮಲ್ಲಿ ಬಹಳ ಕಾಲ ಗಟ್ಟಿಯಾಗಿತ್ತು. ಪಕ್ಕದ ರಾಜ್ಯದ ಮಕ್ಕಳು ತಮ್ಮ ಭಾಷೆಯಲ್ಲಿ ಕಾರ್ಟೂನ್ ನೋಡುವಾಗ ನಮ್ಮವರಿಗೆ ಹಿಂದಿಯೇ ಗತಿ. 2009ರಲ್ಲಿ ಕನ್ನಡದ ಮಕ್ಕಳ ಚಾನೆಲ್ ಚಿಂಟು ಟಿವಿ ಬಂದಾಗ ನಾನೇ ಖುಷಿಯಿಂದ ಮೊದಲ ದಿನವೇ ಹಾಕಿದೆ. ಅದರ ಮುಂಚೆ, ಮಾತೇ ಇಲ್ಲದ ಹಳೆ ಕಾರ್ಟೂನ್‌ಗಳೇ ನಮ್ಮ ಮಕ್ಕಳಿಗೆ ಪೂರ್ತಿ ಅರ್ಥವಾಗುತ್ತಿದ್ದವು. ಮಾತು ಜಾಸ್ತಿ ಇರುವ ಹಿಂದಿ ಕಾರ್ಟೂನ್ ಬಂದಾಗ ಆರು ವರ್ಷದ ಮಕ್ಕಳು ಚಿತ್ರ ನೋಡುತ್ತಿದ್ದರು, ಮಾತು ಬಿಡುತ್ತಿದ್ದರು. ಇದನ್ನು ನಾನು ರಸೀದಿ ಬರೆಯುತ್ತಾ ನೂರಾರು ಮನೆಯಲ್ಲಿ ನೋಡಿದ್ದೇನೆ.

ಡಿಜಿಟಲ್ ಬಂತು. ಹಳ್ಳಿಗಳಿಗೆ ಕೊನೆಯ ಗಡುವು 2017ರ ಮಾರ್ಚ್ 31 ಆಗಿತ್ತು. ಪ್ರತಿ ಮನೆಗೂ ಸೆಟ್ ಟಾಪ್ ಬಾಕ್ಸ್ ಬೇಕು, ಕಂಟ್ರೋಲ್ ರೂಮ್ ನಡೆಸಲು ದೊಡ್ಡ ಬಂಡವಾಳ ಬೇಕು. ನಮ್ಮಂಥ ಸಣ್ಣವರು ದೊಡ್ಡ ಕಂಪನಿಯ ಲೈನ್‌ಗೆ ಸೇರಬೇಕಾಯಿತು. ನಾನು ಅಲ್ಲಿಗೇ ನಿಲ್ಲಿಸಿದೆ. 2019ರ ಫೆಬ್ರವರಿಯಿಂದ ಟಿವಿ, ಫೋನ್ ಕಂಪನಿಗಳಿಗೆ ನಿಯಮ ಮಾಡುವ ಟ್ರಾಯ್ ಸಂಸ್ಥೆಯ ನಿಯಮ ಬದಲಾಗಿ, ದುಡ್ಡಿನ ಚಾನೆಲ್‌ಗಳನ್ನು ಜನ ತಾವೇ ಆರಿಸಿ ದುಡ್ಡು ಕೊಡಬೇಕಾಯಿತು. ತಿಂಗಳ ಲೆಕ್ಕ ಹಾಕುವ ಮನೆಯಲ್ಲಿ ಧಾರಾವಾಹಿ ಉಳಿಯಿತು, ಕ್ರಿಕೆಟ್ ಉಳಿಯಿತು. ಮಕ್ಕಳ ಚಾನೆಲ್ ಎಷ್ಟೋ ಮನೆಯಲ್ಲಿ ಪಟ್ಟಿಯಿಂದ ಬಿಟ್ಟುಹೋಯಿತು. ಮಕ್ಕಳು ಕೇಳಿದರೆ ಮೊಬೈಲ್ ಇದೆಯಲ್ಲಾ ಎಂದರು.

ಇದು ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲಿ ಶನಿವಾರ ಬೆಳಿಗ್ಗೆ ಸಾಲಾಗಿ ಕಾರ್ಟೂನ್ ಹಾಕುವ ಪದ್ಧತಿ ದಶಕಗಟ್ಟಲೆ ಇತ್ತು. ದೊಡ್ಡ ಚಾನೆಲ್‌ಗಳಲ್ಲಿ ಅದು 2014ರಲ್ಲಿ ಮುಗಿಯಿತು. ಹಳೆ ಕಾರ್ಟೂನ್‌ಗಳಿಗೆಂದೇ ಇದ್ದ ಬೂಮರಾಂಗ್ ಎಂಬ ಆನ್‌ಲೈನ್ ಸೇವೆಯೂ 2024ರಲ್ಲಿ ನಿಂತಿತು.

ನಾನು ಶುರು ಮಾಡಿದ್ದು 2018ರ ಆಗಸ್ಟ್‌ನಲ್ಲಿ. ಬೇಕೆಂದು ಮಾಡಿದ್ದಲ್ಲ. ಮಡಿಕೇರಿ ಸುತ್ತ ಗುಡ್ಡ ಕುಸಿದು ಸಾವಿರಾರು ಜನ ಪರಿಹಾರ ಕೇಂದ್ರಗಳಿಗೆ ಬಂದಿದ್ದರು. ಒಂದು ಕೇಂದ್ರಕ್ಕೆ ನಾನು ಲೈಟ್, ವಯರಿಂಗ್ ಸರಿಮಾಡಲು ಹೋಗಿದ್ದೆ. ರಾತ್ರಿ ಮಳೆ ಜೋರಾದರೆ ಮಕ್ಕಳು ಎದ್ದು ಕೂರುತ್ತಿದ್ದರು. ದೊಡ್ಡವರೂ ನಿದ್ದೆ ಮಾಡುತ್ತಿರಲಿಲ್ಲ. ಅಲ್ಲೊಂದು ಟಿವಿ ಇತ್ತು, ಆದರೆ ಅದರಲ್ಲಿ ಬರುತ್ತಿದ್ದದ್ದು ಕುಸಿದ ಗುಡ್ಡದ ಚಿತ್ರವೇ. ನನ್ನ ಮನೆಯಲ್ಲಿ ಟಾಮ್ ಅಂಡ್ ಜೆರ್ರಿಯ ಡಿವಿಡಿ ಇದ್ದವು, ಮೈಸೂರಿನಲ್ಲಿ ನನ್ನ ಮಗನಿಗೆಂದು ಕೊಂಡಿದ್ದು. ಮರುದಿನ ಪ್ಲೇಯರ್ ಜೊತೆ ತೆಗೆದುಕೊಂಡು ಹೋದೆ.

ಮೊದಲ ಎರಡು ಚಿತ್ರಕ್ಕೆ ಮಕ್ಕಳು ನಕ್ಕರು. ಮೂರನೆಯದನ್ನು ನಾನು ನೋಡಿರಲಿಲ್ಲ. ಅದರಲ್ಲಿ ಮನೆಯೊಳಗೆ ನೀರು ನುಗ್ಗಿ ಸಾಮಾನೆಲ್ಲ ಕೊಚ್ಚಿ ಹೋಗುತ್ತೆ. ಬೇರೆ ದಿನ ಆಗಿದ್ದರೆ ಎಲ್ಲರೂ ನಗುತ್ತಿದ್ದರು. ಅವತ್ತು ಮುಂದೆ ಕೂತಿದ್ದ ಒಬ್ಬ ಹುಡುಗ ಸದ್ದಿಲ್ಲದೆ ಅಳಲು ಶುರು ಮಾಡಿದ. ನಾನು ಓಡಿಹೋಗಿ ನಿಲ್ಲಿಸಿದೆ. ಅವನ ಅಜ್ಜಿ ನನ್ನನ್ನು ಬೈಯಲಿಲ್ಲ. "ಬೇರೆ ಹಾಕಪ್ಪ" ಎಂದರು ಅಷ್ಟೇ. ಆ ದಿನದಿಂದ ಇವತ್ತಿನವರೆಗೆ, ಶನಿವಾರ ರಾತ್ರಿ ನಾನೊಬ್ಬನೇ ಕೂತು ಪೂರ್ತಿ ನೋಡದ ಯಾವ ಚಿತ್ರವನ್ನೂ ಮಕ್ಕಳಿಗೆ ಹಾಕಿಲ್ಲ. ಯಾರಾದರೂ ಇದನ್ನು ಮಾಡುವುದಾದರೆ ನಾನು ಹೇಳುವ ಮೊದಲ ಮಾತು ಅದೇ.

ಹಾಗೆ ನೋಡುವಾಗ ಇನ್ನೊಂದು ಗೊತ್ತಾಯಿತು. ಹಳೆಯ ಕೆಲವು ಚಿತ್ರಗಳಲ್ಲಿ ಕಪ್ಪು ಬಣ್ಣದ ಜನರನ್ನು ಗೇಲಿ ಮಾಡಿ ಬರೆದಿದ್ದಾರೆ. ಬಾಂಬ್ ಸಿಡಿದ ಮೇಲೆ ಮುಖ ಮಸಿಯಾಗಿ ತುಟಿ ದಪ್ಪ ಆಗುವುದು, ಅಂಥವು. ಇವು ಟಿವಿಯಿಂದ ಹೋಗಲು ಇದೂ ಒಂದು ಕಾರಣ, ಮತ್ತು ಅದು ಸರಿಯಾದ ಕಾರಣ. ನಮ್ಮಲ್ಲಿಗೆ ಯರವ ಬುಡಕಟ್ಟಿನ ಮಕ್ಕಳು ಬರುತ್ತಾರೆ. ಶಾಲೆಯಲ್ಲಿ ಬಣ್ಣದ ಮಾತು ಕೇಳಿ ಬಂದ ಮಕ್ಕಳು ಅವರು. ನನ್ನ ಗೋಡೆ ಮೇಲೂ ಅವರು ಅದನ್ನೇ ನೋಡಬಾರದು. ಅಂಥ ಚಿತ್ರಗಳನ್ನು ಪಟ್ಟಿಯಿಂದಲೇ ತೆಗೆದೆ. ಸಿಗರೇಟ್ ಜಾಸ್ತಿ ಇರುವವನ್ನೂ ತೆಗೆದೆ.

ಹಕ್ಕಿನ ವಿಚಾರ ಎಲ್ಲರೂ ಕೇಳುತ್ತಾರೆ. ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ, ನಮ್ಮ ಮನೆ ಬಿಟ್ಟು ಬೇರೆಲ್ಲೂ ಈಗ ಹಾಕುವುದಿಲ್ಲ, ಕದ್ದು ಇಳಿಸಿದ್ದನ್ನು ಬಳಸುವುದಿಲ್ಲ. ನಮ್ಮ ಕಾಯ್ದೆಯಲ್ಲಿ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ. ಆದರೆ ಪಾತ್ರದ ಹೆಸರು, ಟ್ರೇಡ್‌ಮಾರ್ಕ್ ಬೇರೆ ಇರುತ್ತವೆ, ಹಾಗಾಗಿ ಪೋಸ್ಟರ್ ಹಾಕಿ ಪ್ರಚಾರ ಮಾಡಲು ಹೋಗಬಾರದು. ಅಮೆರಿಕದಲ್ಲಿ ಅಷ್ಟು ಹಳೆಯ ಚಿತ್ರಗಳಿಗೆ 95 ವರ್ಷ. ಮಿಕ್ಕಿ ಮೌಸ್‌ನ 1928ರ ಸ್ಟೀಮ್‌ಬೋಟ್ ವಿಲ್ಲಿ 2024ರ ಜನವರಿ 1ಕ್ಕೆ ಅಲ್ಲೂ ಎಲ್ಲರದ್ದಾಯಿತು. ಸರಿಯಾದ ಸಮಯಕ್ಕೆ ನವೀಕರಿಸದೆ ಹಕ್ಕು ಹೋದವೂ ಇವೆ. 1941ರಿಂದ 1943ರವರೆಗೆ ಬಂದ 17 ಸೂಪರ್‌ಮ್ಯಾನ್ ಕಾರ್ಟೂನ್‌ಗಳು ಅಂಥವು. ಪೊಪಾಯ್ ಎಂಬ ಕಾರ್ಟೂನ್ ನಾವಿಕ ಸಿಂದಬಾದನನ್ನು ಎದುರಿಸುವ 1936ರ ಚಿತ್ರವೂ ಅಂಥದ್ದೇ. ಇವೆಲ್ಲ ಇಂಟರ್ನೆಟ್ ಆರ್ಕೈವ್ ಎಂಬ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಒಂದೇ ಚಿತ್ರದ ನಾಲ್ಕೈದು ಪ್ರತಿ ಇರುತ್ತವೆ, ಎಲ್ಲವನ್ನೂ ತೆರೆದು ನೋಡಿ ಬಣ್ಣ ಚೆನ್ನಾಗಿರುವುದನ್ನು ಇಳಿಸಿಕೊಳ್ಳಬೇಕು.

ಆ ಸಿಂದಬಾದನ ಚಿತ್ರದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಅದರ ಗುಡ್ಡ, ಗುಹೆ ಕೆಲವು ಕಡೆ ಚಿತ್ರ ಅಲ್ಲ. ಫ್ಲೈಷರ್ ಸಹೋದರರ ಸ್ಟುಡಿಯೋದವರು ಮೇಜಿನ ಮೇಲೆ ನಿಜವಾದ ಮಾದರಿ ಕಟ್ಟಿ, ಅದರ ಮುಂದೆ ಪಾತ್ರದ ಹಾಳೆ ಹಿಡಿದು, ಮಾದರಿಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಫೋಟೊ ತೆಗೆದರು. ಪೊಪಾಯ್ ನಡೆದಂತೆ ಹಿಂದಿನ ಗುಹೆ ತಿರುಗುತ್ತೆ. ಕಂಪ್ಯೂಟರ್ ಇಲ್ಲದ ಕಾಲ. ಅದನ್ನು ಮಕ್ಕಳಿಗೆ ನಿಲ್ಲಿಸಿ ತೋರಿಸಿದಾಗ ಒಬ್ಬ ಹುಡುಗ ಎದ್ದು ಹೋಗಿ ಗೋಡೆ ಮುಟ್ಟಿ ನೋಡಿದ.

ಇನ್ನು ಸಾಮಾನು. ಹಳೆ ಪ್ರೊಜೆಕ್ಟರ್ ಒಂದನ್ನು ಕೊಂಡೆ. ಮೊದಲು ಬೆಡ್‌ಶೀಟ್ ಕಟ್ಟಿದೆ. ಬೆಳಕು ಬಟ್ಟೆಯೊಳಗೆ ಹಾದು ಹೋಗುತ್ತೆ, ಗಾಳಿಗೆ ಚಿತ್ರ ಅಲ್ಲಾಡುತ್ತೆ, ಮಳೆಗಾಲದಲ್ಲಿ ಬಟ್ಟೆ ಮುಗ್ಗುತ್ತೆ. ಗೋಡೆಗೆ ಹೊಳಪಿಲ್ಲದ ಬಿಳಿ ಬಣ್ಣ ಬಳಿದದ್ದೇ ಒಳ್ಳೆಯದಾಯಿತು. ಕಿಟಕಿಗೆ ಕಪ್ಪು ಕಂಬಳಿ. ಹಳೆ ಕಾರ್ಟೂನ್ ಹೆಚ್ಚುಕಡಿಮೆ ಚೌಕ ಇರುತ್ತೆ, ಈಗಿನ ಪ್ರೊಜೆಕ್ಟರ್, ಟಿವಿಗಳು ಅದನ್ನು ಅಗಲಕ್ಕೆ ಎಳೆಯುತ್ತವೆ. ಆಗ ಜೆರ್ರಿ ಹೆಗ್ಗಣದಂತೆ ಕಾಣುತ್ತಾನೆ. ಸೆಟಿಂಗ್‌ನಲ್ಲಿ 4:3 ಎಂದು ಇಡಲೇಬೇಕು. ಎರಡೂ ಬದಿ ಕಪ್ಪು ಪಟ್ಟಿ ಬರಲಿ, ಪರವಾಗಿಲ್ಲ. ಪೆನ್‌ಡ್ರೈವ್‌ಗೆ ಹಾಕುವಾಗ ಎಂಪಿ4 ಮಾಡಿಕೊಂಡರೆ ಎಲ್ಲದರಲ್ಲೂ ಓಡುತ್ತೆ.

ಧ್ವನಿಯನ್ನು ಕಡೆಗಣಿಸಬಾರದು. ಪ್ರೊಜೆಕ್ಟರ್‌ನ ಒಳಗಿನ ಸ್ಪೀಕರ್ ತಗಡು ಬಡಿದ ಹಾಗೆ ಕೇಳುತ್ತೆ. ಟಾಮ್ ಅಂಡ್ ಜೆರ್ರಿಗೆ ಸಂಗೀತ ಮಾಡಿದವರು ಸ್ಕಾಟ್ ಬ್ರ್ಯಾಡ್ಲಿ. ಬೆಕ್ಕು ಒಂದೊಂದು ಹೆಜ್ಜೆ ಇಟ್ಟಾಗಲೂ ಒಂದೊಂದು ವಾದ್ಯ ನುಡಿಯುತ್ತೆ. ಅಲ್ಲಿ ಮಾತಿನ ಕೆಲಸ ಮಾಡುವುದೇ ಸಂಗೀತ. ನಾನು ಹಳೆ ಮ್ಯೂಸಿಕ್ ಸಿಸ್ಟಮ್‌ನ ಎರಡು ಮರದ ಸ್ಪೀಕರ್ ರಿಪೇರಿ ಮಾಡಿ ಗೋಡೆಯ ಎರಡೂ ಬದಿ ಇಟ್ಟಿದ್ದೇನೆ.

ಕರೆಂಟ್ ಹೋಗುವುದು ಕೊಡಗಿನಲ್ಲಿ ಹೊಸದಲ್ಲ, ಇನ್ವರ್ಟರ್ ಇದೆ. ನಿಜವಾದ ಶತ್ರು ಬೂಷ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ಡಿವಿಡಿ ಮೇಲೆ, ಲೆನ್ಸ್ ಒಳಗೆ ಬಿಳಿ ಬಲೆ ಕಟ್ಟುತ್ತೆ. ಒಂದು ಮಳೆಗಾಲದಲ್ಲಿ ನನ್ನ ಏಳು ಡಿವಿಡಿ ಹಾಗೇ ಹೋದವು. ಈಗ ಎಲ್ಲವನ್ನೂ ಗಟ್ಟಿ ಮುಚ್ಚಳದ ತಗಡಿನ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಚೀಲಗಳ ಜೊತೆ ಇಟ್ಟು, ಅಡುಗೆಮನೆಯ ಒಲೆಯಿಂದ ಸ್ವಲ್ಪ ದೂರದ ಅಟ್ಟದ ಮೇಲೆ ಇಡುತ್ತೇನೆ. ಎರಡು ಹಾರ್ಡ್ ಡಿಸ್ಕ್‌ನಲ್ಲಿ ಒಂದೇ ಪ್ರತಿ, ಒಂದು ನಮ್ಮ ಮನೆಯಲ್ಲಿ, ಒಂದು ಕುಶಾಲನಗರದ ನನ್ನ ತಂಗಿ ಮನೆಯಲ್ಲಿ. ಅಲ್ಲಿ ನಮ್ಮಷ್ಟು ಮಳೆ ಇಲ್ಲ.

ಒಂದು ಭಾನುವಾರಕ್ಕೆ ಆರು ಚಿತ್ರ, ಒಂದೊಂದು ಸುಮಾರು ಏಳು ನಿಮಿಷ. ಮೂರು ಆದ ಮೇಲೆ ಬಿಡುವು. ನನ್ನ ಹೆಂಡತಿ ಬೆಲ್ಲದ ಕಾಫಿ ಮಾಡುತ್ತಾಳೆ. ಅರ್ಧ ಗ್ಲಾಸ್ ಕಾಫಿ, ಎರಡು ಬಿಸ್ಕತ್ತು. ಬಿಡುವು ಬಿಟ್ಟರೆ ಮುಕ್ಕಾಲು ಗಂಟೆಗಿಂತ ಜಾಸ್ತಿ ಎಳೆಯುವುದಿಲ್ಲ. ಮಕ್ಕಳಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಿದರೆ ಮುಂದಿನ ವಾರ ಕರೆಯದೆ ಬರುತ್ತಾರೆ.

ಬರುವವರಲ್ಲಿ ಕನ್ನಡದವರು, ಕೊಡವ ತಕ್ಕ್ ಮಾತಾಡುವವರು, ಅರೆಭಾಷೆಯವರು, ಮಲಯಾಳದವರು, ತಮಿಳಿನವರು, ಯರವರು, ಈಗ ಅಸ್ಸಾಂ ಕಡೆಯಿಂದ ಕಾಫಿ ಕೆಲಸಕ್ಕೆ ಬಂದವರ ಮಕ್ಕಳು. ಒಂದು ಹಾಲ್‌ನಲ್ಲಿ ಏಳು ಭಾಷೆ. ಮಾತಿರುವ ಕಾರ್ಟೂನ್ ಹಾಕಿದರೆ ಯಾರಿಗೋ ಒಬ್ಬರಿಗೆ ಹೊರಗೆ ಉಳಿದಂತೆ ಆಗುತ್ತೆ. ಜೆರ್ರಿ ಬಾಲ ಇಸ್ತ್ರಿ ಪೆಟ್ಟಿಗೆಗೆ ಸಿಕ್ಕಿಕೊಂಡರೆ ಯಾರೂ ಹೊರಗಿನವರಲ್ಲ. ನಗು ಒಂದೇ ಸಲಕ್ಕೆ ಬರುತ್ತೆ. ಟಿವಿಯಿಂದ ಹಳೆ ಕಾರ್ಟೂನ್ ಹೋದಾಗ ನಮ್ಮಂಥ ಊರಿಗೆ ಆದ ನಷ್ಟ ಇದೇ ಎಂದು ನನಗೆ ಅರ್ಥವಾದದ್ದು ಈ ಹಾಲ್‌ನಲ್ಲಿ ನಿಂತ ಮೇಲೆ.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಗರ್ಟಿ. ವಿನ್ಸರ್ ಮೆಕೇ ಎಂಬುವರು 1914ರಲ್ಲಿ ಮಾಡಿದ ಡೈನೋಸಾರ್ ಚಿತ್ರ. ಸದ್ದೇ ಇಲ್ಲ. ಆಗ ಅವರೇ ಪರದೆ ಪಕ್ಕ ನಿಂತು ಗರ್ಟಿ ಜೊತೆ ಮಾತಾಡುತ್ತಿದ್ದರಂತೆ. ಕಾಲೆತ್ತು ಎಂದರೆ ಅದು ಎತ್ತುತ್ತಿತ್ತು, ಗದರಿಸಿದರೆ ಅಳುತ್ತಿತ್ತು. ಹಾಗೇ ಮಾಡೋಣ ಎಂದು ನಾನು ಶನಿವಾರ ರಾತ್ರಿ ಹತ್ತು ಸಲ ನೋಡಿ, ಯಾವ ಸೆಕೆಂಡಿಗೆ ಏನು ಎಂದು ಬರೆದುಕೊಂಡೆ. ಭಾನುವಾರ ಕೋಲು ಹಿಡಿದು ಗೋಡೆ ಪಕ್ಕ ನಿಂತೆ. "ಗರ್ಟಿ, ಹೊರಗೆ ಬಾಮ್ಮಾ" ಎಂದೆ. ಅದು ಗುಹೆಯಿಂದ ತಲೆ ಹಾಕಿದ ತಕ್ಷಣ ಮಕ್ಕಳು ನಾನು ಕರೆದದ್ದಕ್ಕೇ ಬಂತು ಎಂದುಕೊಂಡರು. ಆಮೇಲೆ ನಾನು ಮಾತಾಡುವುದೇ ಬೇಕಾಗಲಿಲ್ಲ. ಬಾ ಅನ್ನುವವರು, ವಾ ಅನ್ನುವವರು, ಆಓ ಅನ್ನುವವರು. ಅದು ಅತ್ತಾಗ ಒಂದು ಪುಟ್ಟ ಮಗು ನನ್ನ ಕೋಲು ಕಿತ್ತುಕೊಂಡಿತು.

ಆ ದಿನ ಒಬ್ಬಳು ಕೇಳಿದಳು, ಇದು ಹೇಗೆ ಅಲ್ಲಾಡುತ್ತೆ ಮಾಮ ಎಂದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ಫ್ರೇಮ್, ಏಳು ನಿಮಿಷಕ್ಕೆ 10,080 ಎಂದು ಲೆಕ್ಕ ಹಾಕಿ ತೋರಿಸಿದೆ. ಕಣ್ಣು ಬಿಟ್ಟು ನೋಡಿದಳು, ನಂಬಲಿಲ್ಲ. ಅಟ್ಟದ ಮೇಲೆ ಕೇಬಲ್ ಕಾಲದ ರಸೀದಿ ಪುಸ್ತಕಗಳು ಕಟ್ಟು ಕಟ್ಟಾಗಿ ಉಳಿದಿದ್ದವು. ಪುಸ್ತಕಕ್ಕೆ ನೂರು ಹಾಳೆ, ಹಿಂಬದಿ ಖಾಲಿ. ಮಕ್ಕಳಿಗೆ ಒಂದೊಂದು ಕೊಟ್ಟೆ. ಹಾಳೆಗೊಂದು ಚಿತ್ರ, ಸ್ವಲ್ಪ ಸ್ವಲ್ಪವೇ ಬದಲಾಯಿಸಿ ಬರೆದು, ಹೆಬ್ಬೆರಳಿನಿಂದ ಸರಸರ ಬಿಟ್ಟರೆ ಎಂಟು ಸೆಕೆಂಡಿನ ಸಿನಿಮಾ.

ಮೂರು ಭಾನುವಾರ ಅವಳು ಕಾರ್ಟೂನ್‌ಗಿಂತ ಮೊದಲೇ ಬಂದು ಮೂಲೆಯಲ್ಲಿ ಕೂತು ಬರೆದಳು. ಆನೆ ಒಂದು ಹಲಸಿನ ಮರದ ಹತ್ತಿರ ಬರುತ್ತೆ. ಹಣೆಯಿಂದ ಮರ ಅಲ್ಲಾಡಿಸುತ್ತೆ. ಹಣ್ಣು ತೊಟ್ಟು ಕಳಚುತ್ತೆ. ಅಷ್ಟರಲ್ಲಿ ನೂರು ಹಾಳೆ ಮುಗಿಯಿತು, ಹಣ್ಣು ಗಾಳಿಯಲ್ಲೇ ಉಳಿಯಿತು. "ಮಾಮ, ಇನ್ನೊಂದು ಪುಸ್ತಕ ಕೊಡಿ, ಬೀಳ್ಬೇಕಲ್ವಾ" ಎಂದಳು. 2003ರ ಒಂದು ಪುಸ್ತಕ ಹುಡುಕಿ ಕೊಟ್ಟಿದ್ದೇನೆ.